ಬುಧವಾರದ ಹೆಸರುಗಳು

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ಬಸ್ಸಿನಲ್ಲಿ ಒಬ್ಬ ಕಂಡಕ್ಟರ್ ಒಮ್ಮೆ ನನ್ನನ್ನು ಕೇಳಿದ, "ಪ್ರತಿ ಬುಧವಾರ ಬರ್ತೀರಿ ಟೀಚರಮ್ಮ, ನಿಮ್ದು ಯಾವ ಡಿಪಾರ್ಟ್‌ಮೆಂಟ್ ರೀ?"

"ಚರ್ಚಿನ ಕೆಲಸ ಕಣಪ್ಪ. ಹೆಣ್ಣುಮಕ್ಕಳಿಗೆ ಬೈಬಲ್ ಹೇಳಿಕೊಡೋದು, ಪ್ರಾರ್ಥನೆ ನಡೆಸೋದು. ಸರ್ಕಾರದವರಿಗಾಗಿಯೂ ಪ್ರಾರ್ಥನೆ ಮಾಡ್ತೀವಿ," ಎಂದೆ.

"ಹೌದೇನ್ರಿ? ಹಂಗಾದ್ರೆ ನಮ್ ಡಿಪೋ ಮ್ಯಾನೇಜರ್ ಹೆಸರೂ ಸೇರಿಸ್ಕಳ್ರಿ. ದೀಪಾವಳಿಗೆ ರಜೆ ಕೊಡೋ ಬುದ್ಧಿ ಬರ್ಲಿ ಅವ್ರಿಗೆ."

ಬಸ್ಸಿನವರೆಲ್ಲ ನಕ್ಕರು. ನಾನೂ ನಕ್ಕೆ. ಈಗ ಈ ಕೆಲಸಕ್ಕೆ ಸೇರಿರುವ ಹುಡುಗಿಯರು ನನ್ನನ್ನು ಕಾಣಲು ಬಂದಾಗ ಮೊದಲು ಈ ಕಂಡಕ್ಟರನ ಕತೆಯನ್ನೇ ಹೇಳುತ್ತೇನೆ. ಮ್ಯಾನೇಜರರ ಹೆಸರು ಸೇರಿಸಿಕೊಳ್ಳುವುದು ಸುಲಭ. ಪ್ರಾರ್ಥಿಸಬೇಕಾದದ್ದು ರಜೆಗಾಗಿಯೋ ಮ್ಯಾನೇಜರಿಗಾಗಿಯೋ ಎಂದು ತಿಳಿಯುವುದಕ್ಕೆ ನನಗೆ ಇಡೀ ಸರ್ವೀಸ್ ಹಿಡಿಯಿತು. ಪೂರ್ತಿ ತಿಳಿಯಿತೆಂದು ಈಗಲೂ ಹೇಳಲಾರೆ.

ನನ್ನ ಹುದ್ದೆಯ ಹೆಸರು ಬೈಬಲ್ ವುಮನ್. ಹಳೆಯ ಕಾಲದ ಹೆಸರು, ಈಗ ವಿಮೆನ್ಸ್ ವರ್ಕರ್ ಎನ್ನುತ್ತಾರೆ. ಓದಿದ್ದು ಕಾನ್ವೆಂಟಿನಲ್ಲಿ, ನನ್‌ಗಳ ಕೈಯಲ್ಲಿ. ಇಂಗ್ಲಿಷ್ ಗ್ರಾಮರ್, ಎಂಬ್ರಾಯ್ಡರಿ, ನೆಟ್ಟಗೆ ಕೂರುವುದು, ಮೂರನ್ನೂ ಒಂದೇ ಬೆತ್ತದಲ್ಲಿ ಕಲಿತೆ. ಮದುವೆಯ ಮಾತು ಒಂದೆರಡು ಕಡೆಯಿಂದ ಬಂದು ಹೋಯಿತು. ಆಮೇಲೆ ನಮ್ಮ ಚರ್ಚಿನ ಸಭೆಯವರು ಈ ಕೆಲಸಕ್ಕೆ ಕರೆದರು. ದಾವಣಗೆರೆಯಲ್ಲಿ ಮನೆ ಮನೆ ಭೇಟಿ, ಆಸ್ಪತ್ರೆಯಲ್ಲಿ ರೋಗಿಗಳ ಭೇಟಿ, ಬುಧವಾರ ಹರಿಹರದಲ್ಲಿ ಸ್ತ್ರೀಯರ ಪ್ರಾರ್ಥನಾ ಕೂಟ. ಅಷ್ಟೇ ನನ್ನ ರಾಜ್ಯ.

ಕೆಲಸ ಕಲಿಸಿದವರು ಗ್ರೇಸ್ ಮಿಸ್ಸಮ್ಮ. ನಮ್ಮ ಮೇಲಧಿಕಾರಿ, ಇಸ್ತ್ರಿ ಮಾಡಿದ ಕಾಟನ್ ಸೀರೆ, ಅದಕ್ಕಿಂತ ಗರಿಗರಿಯಾದ ಮಾತು. ಅಧಿಕಾರಿಗಳಿಗಾಗಿ ಮಾಡುವ ಪ್ರಾರ್ಥನೆಯನ್ನು ಅವರು ಪೌಲನು ತಿಮೊಥೆಯನಿಗೆ ಬರೆದ ಪತ್ರದಿಂದ ಕಲಿಸಿದರು. ಅರಸರಿಗಾಗಿಯೂ ಅಧಿಕಾರದಲ್ಲಿರುವ ಎಲ್ಲರಿಗಾಗಿಯೂ ಬೇಡಿಕೊಳ್ಳಿ, ಸ್ತೋತ್ರವನ್ನೂ, ಎಂದರೆ ಕೃತಜ್ಞತೆಯನ್ನೂ, ಸಲ್ಲಿಸಿ, ನಾವು ನೆಮ್ಮದಿಯಿಂದ ಬಾಳುವಂತಾಗಲಿ ಎಂದು ಪೌಲ ಅದರಲ್ಲಿ ಹೇಳುತ್ತಾನೆ. "ಪೌಲ ಇದನ್ನು ಬರೆದಾಗ ಸಿಂಹಾಸನದ ಮೇಲೆ ಕೂತಿದ್ದವನು ಒಳ್ಳೆಯ ರಾಜ ಅಂದ್ಕೊಂಡಿದೀರಾ?" ಎಂದು ಮಿಸ್ಸಮ್ಮ ಕೇಳುತ್ತಿದ್ದರು. "ವಿಶ್ವಾಸಿಗಳನ್ನು ಹಿಂಸೆ ಮಾಡಿದವನು. ಅವನಿಗಾಗಿ ಪ್ರಾರ್ಥನೆ ಮಾಡಿ ಅಂತಾನೆ ಪೌಲ. ಅವನ ಕೈಯಿಂದ ಏನಾದರೂ ಗಿಟ್ಟಿಸಿಕೊಳ್ಳಿ ಅಂತಲ್ಲ. ದೇವರಿಗೆ ಮೆಮೊ ಕೊಡಬೇಡಿ. ಅರ್ಜಿ ಕೊಡೋಕೆ ತಾಲ್ಲೂಕು ಕಚೇರಿ ಇದೆ."

ಮೊದಮೊದಲು ನಮ್ಮ ಕೂಟದಲ್ಲಿ ಈ ಪ್ರಾರ್ಥನೆ ಬಾಯಿಪಾಠವಾಗಿತ್ತು. ಹರಿಹರದಲ್ಲಿ ಸಾಲೊಮಜ್ಜಿ ಎಂಬ ಹಣ್ಣುಹಣ್ಣು ಮುದುಕಿ ಇದ್ದಳು. ಚಿಕ್ಕಂದಿನಲ್ಲಿ ಮಿಷನ್ ಬೋರ್ಡಿಂಗ್ ಶಾಲೆಯಲ್ಲಿ ಕಲಿತದ್ದನ್ನು ಹಾಗೇ ಹೇಳುತ್ತಿದ್ದಳು. ದೇಶಕ್ಕೆ ಸ್ವಾತಂತ್ರ್ಯ ಬಂದು ಎಷ್ಟು ಕಾಲವಾಗಿತ್ತೋ, ಅಜ್ಜಿ ಮಾತ್ರ "ನಮ್ಮ ಚಕ್ರವರ್ತಿಗಳನ್ನೂ ರಾಣಿಯವರನ್ನೂ ಕಾಪಾಡಪ್ಪಾ" ಎಂದೇ ಮುಗಿಸುತ್ತಿದ್ದಳು. ನಾನು ಒಮ್ಮೆ ತಿದ್ದಲು ಹೋದೆ. "ಈಗ ರಾಣಿ ಇಲ್ಲ ಅಜ್ಜಿ."

"ಅಯ್ಯೋ, ಸತ್ಲಾ?" ಎಂದು ಅಜ್ಜಿ ಗಳಗಳ ಅತ್ತುಬಿಟ್ಟಳು. ಆಮೇಲೆ ನಾನು ಆ ಅಜ್ಜಿಯನ್ನು ತಿದ್ದಲಿಲ್ಲ.

ಬಾಯಿಪಾಠ ಬಿಟ್ಟು ಹೆಸರು ಹಿಡಿದು ಪ್ರಾರ್ಥಿಸುವ ಪದ್ಧತಿ ತಂದವರು ದಾವೀದಪ್ಪನವರು. ಕಾಟನ್ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದವರು. ಮಿಲ್ಲು ಮುಚ್ಚಿದ ಮೇಲೆ ಟೈಪ್‌ರೈಟರ್ ಒಂದನ್ನು ಮನೆಗೆ ತಂದಿಟ್ಟುಕೊಂಡು ಸಭೆಯ ಹಿರಿಯರಾಗಿ ದುಡಿಯುತ್ತಿದ್ದರು. ಪ್ರಧಾನಿ, ಮುಖ್ಯಮಂತ್ರಿ, ಜಿಲ್ಲಾಧಿಕಾರಿ, ಪೊಲೀಸ್ ಅಧಿಕಾರಿ ಎಂದು ಒಂದು ಹಾಳೆಯಲ್ಲಿ ಟೈಪ್ ಮಾಡಿ, ಕಾರ್ಬನ್ ಪ್ರತಿಯನ್ನು ನನ್ನ ಬ್ಯಾಗಿಗೆ ಹಾಕುತ್ತಿದ್ದರು. ಬುಧವಾರಗಳಲ್ಲಿ ತಾವೂ ನನ್ನ ಜೊತೆ ಬಸ್ಸು ಹತ್ತುತ್ತಿದ್ದರು. ಹೆಂಗಸರ ಕೂಟದಲ್ಲಿ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತು ಹೆಸರುಗಳನ್ನು ಓದುವುದು ಅವರ ಕೆಲಸ.

ತೊಂಬತ್ತರ ದಶಕದ ಆ ಕೊನೆಯ ವರ್ಷಗಳು ಅವರಿಗೆ ಬಹಳ ಕಷ್ಟದ ಕಾಲ. ದಿಲ್ಲಿಯಲ್ಲಿ ಸರ್ಕಾರ ನಿಂತದ್ದೇ ತಡ, ಬೀಳುತ್ತಿತ್ತು. ಹಾಳೆಯ ಮೇಲೆ ವೈಟ್ನರಿನ ಪದರ ರೊಟ್ಟಿಯಷ್ಟು ದಪ್ಪವಾಯಿತು. "ಟೀಚರಮ್ಮ, ಇವ್ರಿಗೆ ಆಯುಷ್ಯ ಕೊಡು ಅಂತ ಬ್ಯಾಡ, ಅವ್ರ ಸರ್ಕಾರಕ್ಕೆ ಆಯುಷ್ಯ ಕೊಡು ಅಂತ ಬೇಡ್ಕಳ್ರಿ, ವೈಟ್ನರ್ ಮುಗೀತು," ಎನ್ನುತ್ತಿದ್ದರು. ಅದೇ ಹೊತ್ತಿಗೆ ದಾವಣಗೆರೆ ಹೊಸ ಜಿಲ್ಲೆಯಾಯಿತು. ಅಲ್ಲಿಯವರೆಗೆ ಚಿತ್ರದುರ್ಗದ ಸಾಹೇಬರಿಗಾಗಿ ಬೇಡಿಕೊಳ್ಳುತ್ತಿದ್ದ ನಾವು ನಮ್ಮೂರಿನಲ್ಲೇ ಕೂತ ಸಾಹೇಬರಿಗಾಗಿ ಬೇಡತೊಡಗಿದೆವು. ಊರೆಲ್ಲ ಹೊಸ ಬೋರ್ಡುಗಳು, ಹಸಿ ಪೇಂಟಿನ ವಾಸನೆ. ಯಾವ ಆಫೀಸು ಯಾವ ಕಟ್ಟಡದಲ್ಲಿ ಎಂದು ರಿಕ್ಷಾದವರಿಗೂ ಗೊತ್ತಿರಲಿಲ್ಲ.

ಎಲೆಕ್ಷನ್ ಸಮಯದಲ್ಲಿ ಒಬ್ಬ ಅಭ್ಯರ್ಥಿ ಹಾರ ಹಾಕಿಕೊಂಡೇ ಕೂಟಕ್ಕೆ ಬಂದರು. "ನನ್ನ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡ್ರಮ್ಮ," ಎಂದರು. ಮಾಡಿದೆವು. ಆಮೇಲೆ ಅದೇ ಉಸಿರಿನಲ್ಲಿ ಅವರ ಎದುರಾಳಿಯ ಹೆಸರನ್ನೂ ಹೇಳಿ, ಅವರಿಗೂ ಆರೋಗ್ಯ, ವಿವೇಕ ಕೊಡು ಎಂದೆವು. ಪಾಪ, ಕಣ್ಣು ಮುಚ್ಚಿದ್ದವರು ಫಟ್ಟನೆ ಬಿಟ್ಟರು. "ಇದೇನ್ರಿ, ಎರಡೂ ಕಡೆ ವೋಟು ಹಾಕ್ತೀರಲ್ಲ!" ಎಂದು ಎದ್ದು ಹೋದರು. ಹೊಸದಾಗಿ ಸೇರಿದ ಹುಡುಗಿಯರೇ, ನೀವೂ ಹೀಗೆಯೇ ಮಾಡಿ. ವೋಟು ಒಂದೇ ಕಡೆ ಹಾಕಬಹುದು, ಪ್ರಾರ್ಥನೆಯಲ್ಲಿ ಹಾಗೆ ಆರಿಸುವಂತಿಲ್ಲ.

ಆ ದಿನ ಎಲ್ಲರಿಗಿಂತ ಜೋರಾಗಿ ನಕ್ಕವಳು ಮಾರ್ಥಮ್ಮ. ನಾನು ಇದನ್ನು ಬರೆಯಲು ಕೂತದ್ದೇ ಅವಳಿಗಾಗಿ.

ಬುಧವಾರದ ಕೂಟ ನಡೆಯುತ್ತಿದ್ದುದು ಹರಿಹರದಲ್ಲಿ ಅವಳ ಮನೆಯ ಪಡಸಾಲೆಯಲ್ಲಿ. ಹೆರಿಗೆ ವಾರ್ಡಿನಲ್ಲಿ ಆಯಾ ಆಗಿದ್ದಳು. ಕೂಟ ಮುಗಿದ ಮೇಲೆ ಮಂಡಕ್ಕಿ ಒಗ್ಗರಣೆ ಮಾಡಿ ಬಡಿಸುತ್ತಿದ್ದಳು. ಗಂಡ ಯೋಹಾನಪ್ಪ ಕಾರ್ಖಾನೆಯಲ್ಲಿದ್ದವನು, ಎದೆಯ ಕಾಯಿಲೆಯಿಂದ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಹೆದ್ದಾರಿಯ ಅಂಚಿನಲ್ಲಿದ್ದ ನಮ್ಮ ಸಮಾಧಿ ಭೂಮಿಯಲ್ಲಿ, ರಸ್ತೆಯ ಕಡೆಯ ಮೊದಲ ಸಾಲಿನಲ್ಲಿ ಅವನ ಸಮಾಧಿ. ಅದಕ್ಕೂ ಕಾಂಪೌಂಡಿಗೂ ನಡುವೆ ಒಬ್ಬರು ಮಲಗುವಷ್ಟು ಜಾಗ ಖಾಲಿ ಇತ್ತು. ಹಿರಿಯರನ್ನು ಕೇಳಿ ಮಾರ್ಥಮ್ಮ ಅದನ್ನು ತನಗಾಗಿ ಇಟ್ಟುಕೊಂಡಿದ್ದಳು. ಗುರುತಿಗೆ ಒಂದು ನಂದಿಬಟ್ಟಲು ಗಿಡ ನೆಟ್ಟಿದ್ದಳು.

"ನನ್ ಸೀಟು ರಿಜರ್ವ್ ಆಗೈತ್ರಿ ಟೀಚರಮ್ಮ. ಲೇಡೀಸ್ ಸೀಟು. ಯಾರನ್ನೂ ಕೂರ್ಸಬ್ಯಾಡ್ರಿ," ಎನ್ನುತ್ತಿದ್ದಳು.

ನಾನು ಒಮ್ಮೆ ತಮಾಷೆಗೆ, "ಬದುಕಿದ್ದಾಗ ದಿನಾ ಜಗಳ ಆಡ್ತಿದ್ರಂತೆ. ಅಲ್ಲೂ ಪಕ್ಕಕ್ಕೇ ಹೋಗಬೇಕೇ?" ಎಂದೆ.

ಅವಳು ಮಂಡಕ್ಕಿ ಕಲೆಸುತ್ತಿದ್ದ ಕೈ ನಿಲ್ಲಿಸಿದಳು. "ಅವ್ರು ಜೀವ ಬಿಡೋ ಹೊತ್ತಿಗೆ ನಾನು ಡ್ಯೂಟಿ ಮ್ಯಾಲಿದ್ದೆ. ಯಾರದೋ ಕೂಸನ್ನ ಒರೆಸ್ತಿದ್ದೆ. ಮಾರ್ಥೀ, ಮಾರ್ಥೀ ಅಂತ ಎರಡ್ ಸಲ ಕರದ್ರಂತೆ, ಪಕ್ಕದ ಮನೆಯೋರು ಹೇಳಿದ್ರು. ಆಗ ಪಕ್ಕದಾಗ ಇರ್ಲಿಲ್ಲ. ಅದಕ್ಕೇ ಈಗ ಪಕ್ಕದಾಗ ಜಾಗ ಹಿಡಿದೀನಿ." ಆಮೇಲೆ ಮತ್ತೆ ಕಲೆಸಿದಳು. "ಖಾರ ಸಾಕೇನ್ರಿ?"

ಹೊಸ ಜಿಲ್ಲೆಯ ಜೊತೆ ಹೊಸ ರಸ್ತೆಯ ಸುದ್ದಿಯೂ ಬಂತು. ಯಾರೋ ಬಂದು ಸಮಾಧಿ ಭೂಮಿಯ ಕಾಂಪೌಂಡಿಗೆ ಕೆಂಪು ಗುರುತು ಬಳಿದು ಹೋದರು. ರಸ್ತೆ ಅಗಲವಾಗಬೇಕು, ಜಾಗ ಬಿಡಿಸುವುದನ್ನು ನೋಡಿಕೊಳ್ಳುವ ಅಧಿಕಾರಿ ದಾವಣಗೆರೆಯಲ್ಲಿ ಕೂರುತ್ತಾರೆ ಎಂದು ತಿಳಿಯಿತು. ದಾವೀದಪ್ಪನವರು ವಿಚಾರಿಸಿಕೊಂಡು ಬಂದು ಆ ಸಾಹೇಬರ ಹೆಸರನ್ನು ಹಾಳೆಗೆ ಸೇರಿಸಿದರು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಹೇಳಬೇಕಾದ ಜಾಗದಲ್ಲಿ ಹೇಳುತ್ತಲೇ ಬಂದಿದ್ದೇನೆ.

ಮೊದಲ ಬುಧವಾರ ಮಾರ್ಥಮ್ಮ ಗಟ್ಟಿಯಾಗಿ ಪ್ರಾರ್ಥಿಸಿದಳು, "ಅಪ್ಪಾ, ಆ ಸಾಹೇಬ್ರ ಪೆನ್ನು ಹಿಡಿದು ನಮ್ ಕಡೆ ತಿರುಗಿಸು. ನನ್ ಜಾಗ ಉಳೀಲಿ."

ಹೆಂಗಸರೆಲ್ಲ ಆಮೆನ್ ಎಂದರು. ಕೂಟ ಮುಗಿದ ಮೇಲೆ ನಾನು ಅವಳಿಗೆ ಗ್ರೇಸ್ ಮಿಸ್ಸಮ್ಮ ಕಲಿಸಿದ್ದನ್ನು ಹೇಳಿದೆ. ನಿಮ್ಮ ಜಾಗಕ್ಕಾಗಿ ಬೇಕಾದಷ್ಟು ಕೇಳಿಕೊಳ್ಳಿ, ದೇವರು ಬೇಡ ಅನ್ನುವುದಿಲ್ಲ. ಆದರೆ ಸಾಹೇಬರಿಗಾಗಿ ಪ್ರಾರ್ಥಿಸುವಾಗ ಸಾಹೇಬರಿಗಾಗಿಯೇ ಕೇಳಬೇಕು, ಅದು ಅರ್ಜಿ ಅಲ್ಲ ಎಂದೆ. ಬಾಬೆಲಿಗೆ ಸೆರೆ ಹೋದ ಯೆಹೂದ್ಯರ ಕತೆಯನ್ನೂ ಹೇಳಿದೆ. ಅವರ ಊರನ್ನು ಸುಟ್ಟವರದೇ ಪಟ್ಟಣ ಅದು. ಆ ಪಟ್ಟಣದ ಕ್ಷೇಮಕ್ಕಾಗಿ ಬೇಡಿಕೊಳ್ಳಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮ ಇದೆ ಎಂದು ಯೆರೆಮೀಯ ಪ್ರವಾದಿ ಅವರಿಗೆ ಹೇಳಿ ಕಳಿಸಿದ್ದ.

"ಸಿಟ್ಟು ಬರ್ಲಿಲ್ಲೇನ್ರಿ ಅವ್ರಿಗೆ?"

"ಬಂದಿರಬೇಕು. ಬರಬಾರದು ಅಂತ ಎಲ್ಲೂ ಬರೆದಿಲ್ಲ."

"ಆ ಸಾಹೇಬ್ರ ಬಗ್ಗೆ ನಂಗೇನೂ ಗೊತ್ತಿಲ್ಲಲ್ರಿ. ಏನಂತ ಕೇಳ್ಲಿ?" ಎಂದಳು.

ಮುಂದಿನ ವಾರದಿಂದ ಅವಳು ತಾನೇ ಊಹಿಸಿಕೊಳ್ಳತೊಡಗಿದಳು. "ಆ ಸಾಹೇಬ್ರಿಗೆ ತಾಯಿ ಇದ್ರೆ ಆಯಮ್ಮನ ಮಂಡಿನೋವು ಕಡಿಮೆ ಮಾಡು. ಮಕ್ಕಳಿದ್ರೆ ಪರೀಕ್ಷೆ ಪಾಸ್ ಮಾಡ್ಸು. ಹೊತ್ತಿಗೆ ಸರಿಯಾಗಿ ಉಣ್ಣಂಗಾಗ್ಲಿ. ಯಾರಾದ್ರೂ ಮೇಲಿನೋರು ಬೈದ್ರೆ ಮನಸಿಗೆ ಹಚ್ಕಳದಂಗೆ ಇರ್ಲಿ." ಮಳೆಗಾಲ ಪೂರ್ತಿ ಹೀಗೇ ನಡೆಯಿತು. ನೋಡದ ಆ ಮನುಷ್ಯ ನಮಗೆಲ್ಲ ದೂರದ ನೆಂಟನ ಹಾಗೆ ಆಗಿಬಿಟ್ಟ. ಒಂದು ವಾರ ಜೋರು ಮಳೆ ಬಂದಾಗ ಯಾರೋ, "ಪಾಪ, ನಮ್ ಸಾಹೇಬ್ರು ಸೈಟಿನಾಗ ನೆನೀತಿರ್ತಾರೆ," ಎಂದದ್ದು ನೆನಪಿದೆ.

ತಾಲ್ಲೂಕು ಕಚೇರಿಯ ದಾರಿಯನ್ನೂ ನಾವು ಬಿಟ್ಟಿರಲಿಲ್ಲ. ಹಿರಿಯರು ಮನವಿ ಬರೆದರು. ಕೊನೆಗೆ ಸಾಹೇಬರನ್ನು ಕಾಣಲು ಒಂದು ದಿನ ಸಿಕ್ಕಿತು. ದಾವೀದಪ್ಪನವರು, ಇಂಗ್ಲಿಷ್ ಬರುತ್ತದೆಂದು ನಾನು, ಹಟ ಮಾಡಿ ಮಾರ್ಥಮ್ಮ, ಮೂವರೂ ಹೋದೆವು. ಅವಳು ವಾರ್ಡಿಗೆ ರಜೆ ಹಾಕಿ, ಈಸ್ಟರಿಗೆ ಉಡುವ ಸೀರೆ ಉಟ್ಟು ಬಂದಿದ್ದಳು.

ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದಾಗ ದಾವೀದಪ್ಪನವರು ಕನ್ನಡಕ ಏರಿಸಿ ಬಾಗಿಲ ಮೇಲಿನ ನೇಮ್ ಬೋರ್ಡ್ ನೋಡಿದರು. ಒರೆಸಿಕೊಂಡು ಮತ್ತೆ ನೋಡಿದರು. ಎದ್ದು ಹೋಗಿ ಜವಾನನ ಹತ್ತಿರ ಪಿಸುಗುಟ್ಟಿದರು. ವಾಪಸು ಬಂದಾಗ ಅವರ ಮುಖ ಅವರ ವೈಟ್ನರಿನ ಬಣ್ಣಕ್ಕೆ ತಿರುಗಿತ್ತು.

"ಟೀಚರಮ್ಮ, ಇವ್ರು ಬೇರೆ ಸಾಹೇಬ್ರು. ನಮ್ ಸಾಹೇಬ್ರಿಗೆ ಟ್ರಾನ್ಸ್‌ಫರ್ ಆಗಿ ಎಷ್ಟೋ ದಿನ ಆತಂತೆ. ಮಳೆಗಾಲ ಹಿಡಿಯಾಕ್ ಮುಂಚೇನೇ. ಹೊರಗಿನ ಬೋರ್ಡ್ ಬದಲಾಯ್ಸಿರ್ಲಿಲ್ಲ, ನಾನು ಅದನ್ನೇ ನೋಡಿ ಟೈಪ್ ಮಾಡ್ದೆ."

ಮಾರ್ಥಮ್ಮ ಇಬ್ಬರ ಮುಖವನ್ನೂ ನೋಡಿದಳು. "ಅಂದ್ರೆ ಇಷ್ಟ್ ದಿನ ನಾವು ಕೇಳಿದ್ದೆಲ್ಲ ರಾಂಗ್ ಅಡ್ರೆಸ್ಸಿಗೆ ಹೋತೇನ್ರಿ?"

ಉತ್ತರ ಕೊಡುವಷ್ಟರಲ್ಲಿ ಒಳಗೆ ಕರೆದರು.

ಹೊಸ ಸಾಹೇಬರು ವಯಸ್ಸಿನಲ್ಲಿ ಚಿಕ್ಕವರು. ಮೇಜಿನ ಮೇಲೆ ಊಟದ ಡಬ್ಬಿ ತೆರೆಯದೇ ಇತ್ತು. ದಾವೀದಪ್ಪನವರು ಮನವಿ ಕೊಟ್ಟರು. ನಾನು ಕಾನ್ವೆಂಟಿನ ಇಂಗ್ಲಿಷಿನಲ್ಲಿ, ಇವು ನಮ್ಮ ಹಿರಿಯರ ಸಮಾಧಿಗಳು, ದಯವಿಟ್ಟು ಉಳಿಸಿಕೊಡಿ ಎಂದು ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, ಸುತ್ತಿಟ್ಟ ಒಂದು ನಕ್ಷೆ ಬಿಡಿಸಿದರು.

"ಮೇಡಂ, ರಸ್ತೆಯ ಗೆರೆ ಮೇಲಿನಿಂದ ಬಂದಿದೆ, ಬದಲಾಯಿಸೋದು ನನ್ನ ಕೈಲಿಲ್ಲ. ಆದರೆ ಸ್ಪಾಟಿಗೆ ಹೋಗಿ ನೋಡಿ ಬಂದಿದ್ದೇನೆ. ಒಂದೇ ಒಂದು ಸಮಾಧಿಯನ್ನೂ ಮುಟ್ಟೋದಿಲ್ಲ, ಮಾತು ಕೊಡ್ತೇನೆ. ಕಾಂಪೌಂಡಿನ ಪಕ್ಕ ಖಾಲಿ ಇದೆಯಲ್ಲ, ಅಷ್ಟು ಪಟ್ಟಿ ಮಾತ್ರ ತಗೋತೀವಿ. ಖಾಲಿ ಜಾಗ ಅಷ್ಟೇ. ಹೆದ್ದಾರಿ ಪಕ್ಕ ಆಗೋದರಿಂದ ಇನ್ನು ಮುಂದೆ ಅಲ್ಲಿ ಹೊಸದಾಗಿ ಯಾರನ್ನೂ ಹೂಳುವ ಹಾಗಿಲ್ಲ. ಊರಾಚೆ ನಿಮಗೆ ದೊಡ್ಡ ಜಾಗವನ್ನೇ ಕೊಡಿಸ್ತೇವೆ."

ದಾವೀದಪ್ಪನವರು ಎದ್ದು ನಿಂತು ಕೈ ಮುಗಿದರು. ಅವರ ತಂದೆತಾಯಿ ಇಬ್ಬರೂ ಅಲ್ಲೇ ಮಲಗಿದ್ದವರು. ಅವರ ಕಣ್ಣಲ್ಲಿ ನೀರು.

ನಾನು ಮಾರ್ಥಮ್ಮನ ಕಡೆ ತಿರುಗಿದೆ. ಅವಳು ನಕ್ಷೆಯ ಮೇಲಿನ ಆ ಬಿಳಿ ಪಟ್ಟಿಯನ್ನು ನೋಡುತ್ತಿದ್ದಳು. ಅದು ಖಾಲಿ ಅಲ್ಲ ಎಂದು ಆ ಕೋಣೆಯಲ್ಲಿ ಗೊತ್ತಿದ್ದುದು ನಮ್ಮಿಬ್ಬರಿಗೆ, ನೆನಪಾಗಿದ್ದರೆ ದಾವೀದಪ್ಪನವರಿಗೆ. "ಸರ್, ಇವರದೊಂದು ವಿಷಯ..." ಎಂದು ನಾನು ಬಾಯಿ ತೆರೆದೆ. ಮೇಜಿನ ಕೆಳಗೆ ಅವಳು ನನ್ನ ಕೈ ಹಿಡಿದು ಅದುಮಿದಳು.

"ಏನಮ್ಮ, ಹೇಳಿ," ಎಂದರು ಸಾಹೇಬರು.

"ಏನಿಲ್ರಿ ಸಾಹೇಬ್ರೆ. ನಾವು ವಾರವಾರ ನಿಮಗಾಗಿ ಪ್ರಾರ್ಥನೆ ಮಾಡ್ತೀವ್ರಿ. ನಿಮ್ ಹೆಸರು ಗೊತ್ತಿರ್ಲಿಲ್ಲ, ಹಳೇ ಸಾಹೇಬ್ರ ಹೆಸರಿನಾಗೇ ಮಾಡೀವಿ. ತಪ್ಪು ತಿಳೀಬ್ಯಾಡ್ರಿ."

ಸಾಹೇಬರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. "ನನಗಾಗಿಯೇ? ಏನಂತ ಕೇಳ್ಕೋತೀರಿ?"

"ಹೊತ್ತಿಗೆ ಸರಿಯಾಗಿ ಉಣ್ಣಂಗಾಗ್ಲಿ ಅಂತ್ರಿ."

ಅವರು ತೆರೆಯದ ಡಬ್ಬಿಯನ್ನು ನೋಡಿದರು. ಮಾರ್ಥಮ್ಮ ಎದ್ದಳು. "ಹೆಸರು ಸರಿಯಾಗಿ ಹೇಳ್ರಿ ಸಾಹೇಬ್ರೆ. ಇವ್ರು ಬರಕಂತಾರೆ. ಇನ್ನೊಮ್ಮೆ ತಪ್ಪಾಗೋದು ಬ್ಯಾಡ."

ಹೊರಗೆ ಬಂದ ಮೇಲೆ ದಾವೀದಪ್ಪನವರು ಸುದ್ದಿ ಹೇಳಲು ಅಯ್ಯನವರ ಮನೆಗೆ, ಎಂದರೆ ನಮ್ಮ ಸಭಾಪಾಲಕರ ಮನೆಗೆ, ಓಡಿದರು. ಮಾರ್ಥಮ್ಮನನ್ನು ಬಸ್ ಹತ್ತಿಸಲು ನಾನು ಜೊತೆ ನಡೆದೆ. ಮಾತು ತಡೆಯಲಾಗಲಿಲ್ಲ. "ಯಾಕಮ್ಮ ಹೇಳಲಿಲ್ಲ? ನನಗೂ ಹೇಳಗೊಡಲಿಲ್ಲ. ಅವರು ಒಳ್ಳೆಯವರ ಹಾಗೆ ಕಂಡರು. ಇವರೊಬ್ಬರಿಗೆ ಅಲ್ಲಿ ಅವಕಾಶ ಕೊಡಿ ಅಂದಿದ್ದರೆ..."

"ಒಳ್ಳೇರೇ. ಅದಕ್ಕೇ ಹೇಳ್ಲಿಲ್ಲ. ಆ ಮನುಷ್ಯ ಎಲ್ಲಾರ್ದೂ ಉಳ್ಸೀನಿ ಅಂತ ಖುಷಿಯಾಗಿದ್ರು. ದಾವೀದಪ್ಪಣ್ಣ ಕಣ್ಣೀರು ಹಾಕಿದ್ರು. ನಂದೊಂದು ಅಂತ ಹೆಂಗೆ ಹೇಳ್ಲಿ? ಪ್ರಾರ್ಥನೆ ಮಾಡ್ತೀನಿ ಅಂತ ಒಂದ್ ಬಾಯಾಗ ಹೇಳಿ, ಇನ್ನೊಂದ್ ಬಾಯಾಗ ಜಾಗ ಕೊಡ್ರಿ ಅಂದ್ರೆ ಅದು ಅರ್ಜಿ ಆಗ್ತಿರ್ಲಿಲ್ಲೇನ್ರಿ? ನೀವೇ ಹೇಳಿಕೊಟ್ಟಿದ್ದು."

ನಾನು ಹೇಳಿಕೊಟ್ಟದ್ದು ಸರಿಯೇ. ಇವತ್ತು ನಿಮಗೂ ಅದನ್ನೇ ಹೇಳಿಕೊಡುತ್ತೇನೆ. ಆದರೆ ಸರಿಯಾದ ಪಾಠವನ್ನು ಯಾರು ಎಷ್ಟು ಆಳಕ್ಕೆ ತೆಗೆದುಕೊಳ್ಳುತ್ತಾರೆ ಎಂಬುದು ಕಲಿಸುವವರ ಕೈಯಲ್ಲಿ ಇರುವುದಿಲ್ಲ. ಬಸ್ಸು ಬಂತು. ಹತ್ತುವಾಗ ತಿರುಗಿ ನಕ್ಕಳು. "ನೋಡ್ರಿ, ನಮ್ ಯಜಮಾನ್ರು ಉಳಕಂಡ್ರು, ನಾನು ರೋಡಿಗೆ ಹೋದೆ. ಬದುಕಿದ್ದಾಗ್ಲೂ ಹಿಂಗೇ, ಅವ್ರು ಮನ್ಯಾಗೆ, ನಾನು ಡ್ಯೂಟಿ ಮ್ಯಾಲೆ."

ಮುಂದಿನ ಬುಧವಾರ ದಾವೀದಪ್ಪನವರು ಹೊಸ ಹಾಳೆ ತಂದರು. ಹೊಸ ಸಾಹೇಬರ ಹೆಸರು ಓದಿದರು, ನಿಲ್ಲಿಸಿದರು. ಮಾರ್ಥಮ್ಮ ಕಣ್ಣು ತೆರೆದು, "ಹಳೇ ಸಾಹೇಬ್ರುದ್ರಿ?" ಎಂದಳು.

"ಅವ್ರು ಹೋದ್ರಲ್ಲಮ್ಮ. ಈಗ ಅಧಿಕಾರದಾಗ ಇಲ್ಲ. ದೇವರ ವಾಕ್ಯದಾಗ ಅಧಿಕಾರದಲ್ಲಿ ಇರೋರಿಗೆ ಅಂತೈತೆ."

"ಇಷ್ಟ್ ದಿನ ಆ ಅಮ್ಮನ ಮಂಡಿನೋವು ಕೇಳೀವಿ. ಅರ್ಧಕ್ಕೆ ಬಿಡಾಕಾಗ್ತೈತೇನ್ರಿ? ಕುರ್ಚಿ ಇದ್ದಾಗ ಎಲ್ಲಾರೂ ಹೆಸರು ಹೇಳ್ತಾರೆ. ಕುರ್ಚಿ ಬಿಟ್ಟ ಮ್ಯಾಲೆ ಯಾರು ಹೇಳ್ತಾರೆ?"

"ಆಯಮ್ಮ ಐತೋ ಇಲ್ಲೋ ಯಾರಿಗ್ ಗೊತ್ತು! ನೀನೇ ಹುಟ್ಸಿದ್ದು!" ದಾವೀದಪ್ಪನವರಿಗೆ ರೇಗಿತು. "ಹಿಂಗೇ ಹೋದೋರನ್ನೆಲ್ಲ ಸೇರಿಸ್ತಾ ಹೋದ್ರೆ, ದಿಲ್ಲೀಲಿ ಬಿದ್ದೋರನ್ನೆಲ್ಲ ಓದೋದ್ರಾಗೆ ಕತ್ಲಾಗ್ತೈತೆ."

ಇಬ್ಬರೂ ನನ್ನ ಕಡೆ ನೋಡಿದರು. ನನಗೆ ಬೈಬಲಿನ ಪ್ರವಾದಿ ಸಮುವೇಲ ನೆನಪಾದ. ಅವನು ಅಭಿಷೇಕ ಮಾಡಿದ ಸೌಲನ ಅರಸುತನವನ್ನು ದೇವರೇ ಕಿತ್ತುಕೊಂಡ. ಆದರೂ ಸಮುವೇಲ ಸೌಲನಿಗಾಗಿ ದುಃಖಿಸುವುದನ್ನು ಬಿಡಲಿಲ್ಲ. ಆ ಭಾಗವನ್ನು ತೆರೆದು ಓದಿದೆ. ದಾವೀದಪ್ಪನವರು, "ಅದು ಅಳು, ಪ್ರಾರ್ಥನೆ ಅಲ್ಲ," ಎಂದು ಗೊಣಗಿದರು. ಹಾಳೆಯಲ್ಲಿ ಮಾತ್ರ ಆ ಹೆಸರನ್ನು ಸೇರಿಸಲಿಲ್ಲ. ಹಾಗಾಗಿ ಅವರು ಓದಿ ಮುಗಿಸಿದ ಮೇಲೆ ಮಾರ್ಥಮ್ಮ ತಾನೇ ಹೇಳುತ್ತಿದ್ದಳು, ಪ್ರತಿ ಬುಧವಾರ, ಒಬ್ಬಳೇ. ಆಮೆನ್ ಹೇಳುವಾಗ ನಾವೆಲ್ಲ ಸೇರಿಕೊಳ್ಳುತ್ತಿದ್ದೆವು.

ರಸ್ತೆ ಬಂತು. ಸಾಹೇಬರು ಕೊಟ್ಟ ಮಾತು ಉಳಿಸಿಕೊಂಡರು, ಒಂದು ಸಮಾಧಿಯ ಅಂಚೂ ಮುಕ್ಕಾಗಲಿಲ್ಲ. ಹಳೆಯ ಕಾಂಪೌಂಡ್ ಬಿತ್ತು, ಹೊಸದು ಯೋಹಾನಪ್ಪನ ಸಮಾಧಿಗೆ ತಾಗಿದಂತೆ ಎದ್ದಿತು. ನಂದಿಬಟ್ಟಲು ಗಿಡವನ್ನು ಕೆಲಸದವರು ಕಿತ್ತು ಬದಿಗೆ ಹಾಕಿದ್ದರು. ಮಾರ್ಥಮ್ಮ ಅದನ್ನು ಎತ್ತಿ ತಂದು ಮನೆಯ ಮುಂದೆ ನೆಟ್ಟಳು. ಹಿಡಿಯಲಿಲ್ಲ.

ಪೌಲ ಬೇಡಿಕೆಗಳ ಜೊತೆ ಸ್ತೋತ್ರವನ್ನೂ ಹೇಳಿದ್ದಾನಲ್ಲ, ಸರ್ಕಾರದವರು ಮಾಡಿದ ಒಳ್ಳೆಯದಕ್ಕೆ ದೇವರಿಗೆ ಸ್ತೋತ್ರ ಹೇಳುವ ಸರದಿ ಕೂಟದಲ್ಲಿ ಯಾವಾಗಲೂ ಬೇಗ ಮುಗಿಯುತ್ತಿತ್ತು. ನಲ್ಲಿ ನೀರಿಗೆ, ಲಸಿಕೆ ಹಾಕುವ ನರ್ಸಿಗೆ, ಅಷ್ಟೇ. ರಸ್ತೆಯ ಮಾತನ್ನು ಅವಳ ಮುಂದೆ ಎತ್ತಲು ಯಾರಿಗೂ ಮನಸ್ಸಾಗುತ್ತಿರಲಿಲ್ಲ.

ನನ್ನ ನಿವೃತ್ತಿ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಕೂಟದ ನಡುವೆಯೇ ಮಾರ್ಥಮ್ಮನಿಗೆ ಎದೆನೋವು ಕಾಣಿಸಿಕೊಂಡಿತು. ಹರಿಹರದ ಡಾಕ್ಟರು ಕೂಡಲೇ ದಾವಣಗೆರೆಗೆ ಒಯ್ಯಿರಿ ಎಂದರು. ವ್ಯಾನಿನಲ್ಲಿ ನಾನು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಅವಳು ಕಣ್ಣು ಮುಚ್ಚಿಯೇ ಕೇಳಿದಳು, "ಸಮಾಧಿ ಭೂಮಿ ದಾಟಿದ್ವೇನ್ರಿ?"

"ಈಗ ದಾಟ್ತಾ ಇದ್ದೀವಿ."

"ನುಣ್ಣಗೈತ್ರಿ ರೋಡು. ಒಂದ್ ಕುಲುಕಿಲ್ಲ." ಸ್ವಲ್ಪ ಉಸಿರು ತೆಗೆದುಕೊಂಡಳು. "ಹೆರಿಗೆ ಕೇಸ್ ಎಷ್ಟು ದಾರ್ಯಾಗೇ ಹೋಗಿದ್ವು ಮೊದ್ಲು. ಈಗ ಬ್ಯಾಗ ಮುಟ್ತಾವೆ. ಬುಧವಾರ ಸ್ತೋತ್ರ ಹೇಳ್ರಿ. ನಾನು ಹೇಳ್ಬೇಕಂತಿದ್ದೆ, ಬಾಯಿ ಬರ್ಲಿಲ್ಲ."

ಬೇಗ ಮುಟ್ಟಿದೆವು. ಆದರೂ ಅವಳು ಉಳಿಯಲಿಲ್ಲ.

ಊರಾಚೆಯ ಹೊಸ ಜಾಗದಲ್ಲಿ ಅವಳನ್ನು ಇಟ್ಟೆವು. ಗಿಡ ಮರ ಏನೂ ಇರದ ಬಯಲು, ಅಲ್ಲೊಂದು ಇಲ್ಲೊಂದು ಮಣ್ಣಿನ ಗುಡ್ಡೆ. ಅಯ್ಯನವರು ವಾಕ್ಯ ಓದುವಾಗ ನನ್ನ ಕಿವಿಗೆ ಏನೂ ಬೀಳಲಿಲ್ಲ. ಅವಳ ಗುಣಿಯ ಪಕ್ಕದಲ್ಲಿ ಯಾರು ಮಲಗಿದ್ದಾರೆ ಎಂದು ನೋಡಿದೆ. ಯಾರೂ ಇರಲಿಲ್ಲ.

ಮುಂದಿನ ಬುಧವಾರ ಅವಳ ಪಡಸಾಲೆಯಲ್ಲೇ ಸೇರಿದೆವು. ಮಂಡಕ್ಕಿ ಇರಲಿಲ್ಲ. ದಾವೀದಪ್ಪನವರು ಸ್ಟೂಲಿನ ಮೇಲೆ ಕೂತು ಹಾಳೆ ಬಿಚ್ಚಿದರು. ಪ್ರಧಾನಿ, ಮುಖ್ಯಮಂತ್ರಿ, ಜಿಲ್ಲಾಧಿಕಾರಿ, ರಸ್ತೆಯ ಸಾಹೇಬರು. ಓದಿ ನಿಲ್ಲಿಸಿದರು. ಅವಳು ಹೇಳುತ್ತಿದ್ದ ಹೊತ್ತು ಬಂತು, ಎಲ್ಲರಿಗೂ ಅದು ಗೊತ್ತು. ಆಗ ದಾವೀದಪ್ಪನವರು ಆ ಹಳೆಯ ಸಾಹೇಬರ ಹೆಸರು ಓದಿದರು. ಹಾಳೆಯಲ್ಲಿ ಅದನ್ನು ಟೈಪ್ ಮಾಡಿಕೊಂಡೇ ಬಂದಿದ್ದರು.

"ಅವರ ತಾಯಿಯವರ ಮಂಡಿನೋವು..." ಎಂದರು. ಮುಂದೆ ಅವರಿಂದ ಆಗಲಿಲ್ಲ. ಉಳಿದದ್ದನ್ನು ನಾನು ಮುಗಿಸಿದೆ. ರಸ್ತೆಗಾಗಿ ಸ್ತೋತ್ರವನ್ನೂ ಹೇಳಿದೆ. ಅಷ್ಟು ಕಷ್ಟಪಟ್ಟು ನಾನು ಬೇರೆ ಯಾವ ಪ್ರಾರ್ಥನೆಯನ್ನೂ ಮಾಡಿಲ್ಲ.

ಈಗ ನಾನು ನಿಜಲಿಂಗಪ್ಪ ಬಡಾವಣೆಯಲ್ಲಿ ಒಂದು ಕೋಣೆಯಲ್ಲಿದ್ದೇನೆ. ಡ್ಯೂಟಿ ಇಲ್ಲದಿದ್ದರೂ ಕಾಲು ನಡೆದಷ್ಟು ದಿನ ಎಂದು ಕೆಲವು ಬುಧವಾರ ಹರಿಹರದ ಬಸ್ಸು ಹತ್ತುತ್ತೇನೆ. ಹೆಂಗಸರ ಸೀಟಿನಲ್ಲಿ, ಕಿಟಕಿಯ ಪಕ್ಕ. ಸಮಾಧಿ ಭೂಮಿ ಬಂದಾಗ ಬಸ್ಸು ಕಾಂಪೌಂಡಿಗೆ ಒತ್ತಿಕೊಂಡೇ ಹೋಗುತ್ತದೆ. ಗೋಡೆಯ ಆಚೆ ಯೋಹಾನಪ್ಪನ ಶಿಲುಬೆಯ ತುದಿ ಕಾಣುತ್ತದೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಆ ಒಂದು ಗಳಿಗೆ ನಾನು ಕೂತಿರುವುದು ಮಾರ್ಥಮ್ಮ ಹಿಡಿದಿಟ್ಟುಕೊಂಡಿದ್ದ ಜಾಗದಲ್ಲಿ. ಅವಳ ಪರವಾಗಿ ಅವನ ಪಕ್ಕದಲ್ಲಿ ಅಷ್ಟು ಹೊತ್ತು ಕೂತು, ಇಬ್ಬರು ಸಾಹೇಬರ ಹೆಸರನ್ನೂ ಹೇಳುತ್ತೇನೆ. ಬಸ್ಸು ಮುಂದೆ ಹೋಗುತ್ತದೆ.